ಕೊನೆಯ ಇನ್ನೂರು ಕಿಲೋಮೀಟರು: ಇಬ್ಬರು ನಡೆಯುವಾಗಿನ ಲೆಕ್ಕ

ದೂರದ ಚಾರಣದ ಕೊನೆ ಶುರುವಾಗುವುದು ಕೊನೆಯ ದಿನ ಅಲ್ಲ, ಕೊನೆಯ ಸಲ ಆಹಾರ ತುಂಬಿಸಿಕೊಳ್ಳುವ ಊರಿನಲ್ಲಿ. ಅಲ್ಲಿಂದ ಗುರಿಗೆ ಸಾಮಾನ್ಯವಾಗಿ 100ರಿಂದ 200 ಕಿ.ಮೀ. ಉಳಿದಿರುತ್ತದೆ. "ಇನ್ನೇನು, ಬಂದೇಬಿಟ್ಟೆವು" ಎಂಬ ಮಾತು ಬಾಯಿಗೆ ಬರುವುದೂ ಅಲ್ಲೇ. ಕಾಲು ಪಳಗಿದೆ, ಟೆಂಟನ್ನು ಕತ್ತಲಲ್ಲೂ ಹತ್ತು ನಿಮಿಷದಲ್ಲಿ ಎಬ್ಬಿಸಬಹುದು, ಜೊತೆಯವರ ಗೊರಕೆಯೂ ಒಗ್ಗಿಹೋಗಿದೆ. ಹಾಗಾಗಿ ಹೆಚ್ಚಿನವರು ಹಳೆಯ ಲೆಕ್ಕವನ್ನೇ ಮುಂದಕ್ಕೆ ಎಳೆಯುತ್ತಾರೆ. ಆದರೆ ಶುರುವಿನಲ್ಲಿದ್ದ ದೇಹ ಈಗಿಲ್ಲ. ಬೂಟು ಸವೆದಿದೆ, ಹಗಲು ಚಿಕ್ಕದಾಗಿದೆ, ಇಬ್ಬರ ಮನಸ್ಸೂ ಬೇರೆ ಬೇರೆ ದಿಕ್ಕಿಗೆ ಓಡುತ್ತಿದೆ. ನಾವು ಈ ತುಂಡನ್ನು ಹೊಸದೊಂದು ಚಾರಣ ಎಂದೇ ಹಿಡಿದು ಮೊದಲಿನಿಂದ ಲೆಕ್ಕ ಹಾಕುತ್ತೇವೆ. ಆಧಾರ ಇಬ್ಬರ ಸರಾಸರಿ ಅಲ್ಲ, ಆ ಹೊತ್ತಿಗೆ ಹೆಚ್ಚು ದಣಿದಿರುವವರ ಅಳತೆ. ಇದೊಂದನ್ನು ಒಪ್ಪಿಕೊಂಡರೆ ಮುಂದಿನ ಜಗಳಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ.

ದಿನಕ್ಕೆ ಎಷ್ಟು ದೂರ

1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಕೊಟ್ಟ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ: ಗಂಟೆಗೆ ಸುಮಾರು 5 ಕಿ.ಮೀ., ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದವರು ನಿಲ್ಲದೆ ನಡೆದರೆ ಹಿಡಿಯುವ ಸಮಯ. ನಾನು ಇದನ್ನು ಹಾಗೆಯೇ ಬಳಸುವುದಿಲ್ಲ. ಹಿಂದಿನ ನಾಲ್ಕೈದು ದಿನ ಸೂತ್ರ ಎಷ್ಟು ಗಂಟೆ ಎಂದಿತ್ತು, ನಿಧಾನದವರಿಗೆ ಊಟ ವಿಶ್ರಾಂತಿ ಸೇರಿ ನಿಜಕ್ಕೂ ಎಷ್ಟು ಹಿಡಿಯಿತು ಎಂದು ಭಾಗಿಸಿ ಒಂದು ಗುಣಕ ತೆಗೆಯುತ್ತೇನೆ. 6 ಗಂಟೆ ಎಂದ ಕಡೆ 9 ಹಿಡಿದಿದ್ದರೆ ಗುಣಕ 1.5. ಮುಂದೆ 25 ಕಿ.ಮೀ. ದೂರ, 1,200 ಮೀಟರ್ ಏರಿನ ದಿನ ಬಂದರೆ ಸೂತ್ರದ ಪ್ರಕಾರ 7 ಗಂಟೆ, ನಮಗೆ ಹತ್ತೂವರೆ.

ಹತ್ತೂವರೆ ಗಂಟೆ ನಡೆಯಬಹುದು ಎನಿಸುತ್ತದೆ, ಬೇಸಿಗೆಯಲ್ಲಾದರೆ. ಉತ್ತರ ಗೋಳಾರ್ಧದ ಉದ್ದದ ಹಾದಿಗಳನ್ನು ವಸಂತದಲ್ಲಿ ಹಿಡಿದವರು ಮುಗಿಸುವುದು ಶರತ್ಕಾಲದಲ್ಲಿ. 45 ಡಿಗ್ರಿ ಅಕ್ಷಾಂಶದಲ್ಲಿ ಜೂನ್ ತಿಂಗಳ ಹಗಲು 15 ಗಂಟೆಗೂ ಮಿಕ್ಕಿರುತ್ತದೆ. ಸೆಪ್ಟೆಂಬರ್ ಕೊನೆಗೆ 12ಕ್ಕೆ ಇಳಿದು, ದಿನಕ್ಕೆ ಸುಮಾರು 3 ನಿಮಿಷದಂತೆ ಇನ್ನೂ ಕರಗುತ್ತಿರುತ್ತದೆ. ಹತ್ತು ದಿನದ ಕೊನೆಯ ತುಂಡಿನಲ್ಲೇ ಅರ್ಧ ಗಂಟೆ ಹೋಯಿತು. ಬೆಳಗ್ಗೆ ಮಂಜು ಬಿದ್ದು ಒದ್ದೆಯಾದ ಟೆಂಟು ಮಡಚಿ ಹೊರಡುವುದಕ್ಕೆ ಒಂದು ಗಂಟೆ ಕಳೆಯಿರಿ, ಹತ್ತೂವರೆ ಗಂಟೆಯ ದಿನ ಕತ್ತಲಿಗೆ ಸರಿಯಾಗಿ ತಾಗುತ್ತದೆ. ಆ ದಿನವನ್ನು ಎರಡಾಗಿ ಒಡೆಯುವುದೇ ಸರಿ. ಹೆಡ್‌ಲ್ಯಾಂಪ್ ಇದೆಯಲ್ಲ ಎನ್ನುವವರಿದ್ದಾರೆ. ಬೇರು ಬಂಡೆಗಳ ಇಳಿಜಾರಿನಲ್ಲಿ ದಣಿದ ಕಾಲು ತಪ್ಪುವುದು ಆ ಬೆಳಕಿನಲ್ಲೇ: ದೀಪ ಹಣೆಯ ಮೇಲಿರುವುದರಿಂದ ನೆರಳು ಕಲ್ಲಿನ ಹಿಂದೆ ಅಡಗಿ, ಏರುತಗ್ಗು ಚಪ್ಪಟೆಯಾಗಿ ಕಾಣುತ್ತದೆ. ಅನಿವಾರ್ಯವಾದರೆ ದೀಪವನ್ನು ಹಣೆಯಿಂದ ತೆಗೆದು ಸೊಂಟದ ಪಟ್ಟಿಗೆ ಸಿಕ್ಕಿಸಿ. ನೆರಳು ಉದ್ದವಾಗಿ ಬಿದ್ದು ಕಲ್ಲಿನ ಎತ್ತರ ತಿಳಿಯುತ್ತದೆ.

ಹತ್ತು ದಿನದ ಯೋಜನೆಗೆ ಎರಡು ದಿನ ಬಿಡುವು ಇಡುತ್ತೇವೆ. ಒಂದು ಹವಾಮಾನಕ್ಕೆ, ಒಂದು ಕಾಲಿಗೆ. ವಾಪಸ್ ಟಿಕೆಟನ್ನು ಆ ಎರಡು ದಿನವೂ ಖರ್ಚಾದ ಮೇಲಿನ ದಿನಾಂಕಕ್ಕೆ ಮಾತ್ರ ತೆಗೆಯುವುದು. ಕೊನೆಯ ವಾರದ ತಪ್ಪು ನಿರ್ಧಾರಗಳ ಬುಡ ಹುಡುಕುತ್ತ ಹೋದರೆ ಬಹುಪಾಲು ಸಲ ಸಿಗುವುದು ಆ ಟಿಕೆಟ್ಟಿನ ಮೇಲಿನ ದಿನಾಂಕವೇ.

ದೇಹ ಎಲ್ಲಿದೆ

ತಿಂಗಳುಗಟ್ಟಲೆ ನಡೆದ ಮೇಲೆ ಉಸಿರು ಅದ್ಭುತವಾಗಿರುತ್ತದೆ, ಮೈಯಲ್ಲಿ ಮಾತ್ರ ಏನೂ ಉಳಿದಿರುವುದಿಲ್ಲ. ದಿನಕ್ಕೆ 4,500 ಕಿಲೊಕ್ಯಾಲರಿ ಖರ್ಚಾಗುವಲ್ಲಿ 3,000 ತಿನ್ನುತ್ತಿದ್ದರೆ 1,500 ಕೊರತೆ. ಒಂದು ಕಿಲೊ ಕೊಬ್ಬಿನಲ್ಲಿ ಇರುವುದು ಸುಮಾರು 7,700. ಅಂದರೆ ಐದು ದಿನಕ್ಕೆ ಒಂದು ಕಿಲೊ. ಕೊಬ್ಬು ಕರಗುವ ತನಕ ಅದು ಯಾರಿಗೂ ಬೇಸರವಿಲ್ಲ. ಆಮೇಲೆ ಸ್ನಾಯುವೂ ಕರಗುತ್ತದೆ, ಚಳಿ ಬೇಗ ಹತ್ತುತ್ತದೆ, ಮೊದಲು ಬೆಚ್ಚಗಿದ್ದ ಸ್ಲೀಪಿಂಗ್ ಬ್ಯಾಗಿನಲ್ಲೇ ರಾತ್ರಿ ನಡುಕ ಬರುತ್ತದೆ. ಬ್ಯಾಗೂ ಮೊದಲಿನಂತಿರುವುದಿಲ್ಲ: ಬೆವರು, ಮೈಜಿಡ್ಡು ಹೀರಿದ ಮೇಲೆ ಒಳಗೆ ತುಂಬಿದ ಹಕ್ಕಿಯ ಗರಿ ಉಬ್ಬುವುದಿಲ್ಲ. ಎತ್ತರಕ್ಕೆ ಹೋದಂತೆ 1,000 ಮೀಟರಿಗೆ ಸುಮಾರು 6.5 ಡಿಗ್ರಿ ತಾಪ ಇಳಿಯುತ್ತದೆ. ಶಿಖರದಲ್ಲಿ ಮುಗಿಯುವ ಹಾದಿಯಾದರೆ ಇದನ್ನೂ ಸೇರಿಸಿಕೊಳ್ಳಬೇಕು. ಇಬ್ಬರಲ್ಲಿ ತೆಳ್ಳಗಾದವರು ಮೊದಲು ತಣ್ಣಗಾಗುತ್ತಾರೆ, ಮತ್ತು ಅವರಿಗೇ ಅದು ಕೊನೆಗೆ ತಿಳಿಯುತ್ತದೆ. ಮಾತು ತೊದಲುವುದು, ಕೈಯಿಂದ ವಸ್ತು ಜಾರುವುದು, ಸಣ್ಣ ಎಡವು, ಸುಮ್ಮನೆ ಮುನಿಸು, ಇವು ಕಂಡರೆ ನೋಡಿದವರು ನಿಲ್ಲಿಸಬೇಕು. ಒಣ ಬಟ್ಟೆ, ಟೆಂಟು, ಸಿಹಿ ಬಿಸಿನೀರು. "ನಾನು ಚೆನ್ನಾಗಿದ್ದೇನೆ" ಎಂಬ ಉತ್ತರಕ್ಕೆ ಆ ಹೊತ್ತಿನಲ್ಲಿ ಬೆಲೆಯಿಲ್ಲ. ನಡುಕ ನಿಂತಿತೆಂದರೆ ಬೆಚ್ಚಗಾಯಿತು ಎಂದರ್ಥವಲ್ಲ. ಬೆಚ್ಚಗಿನ ಜಾಗ ಸೇರದೆ ನಡುಕ ನಿಂತಿದ್ದರೆ ಪರಿಸ್ಥಿತಿ ಕೈಮೀರುತ್ತಿದೆ.

ನೋವುಗಳ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಕೊನೆಯ ತುಂಡನ್ನು ಅರ್ಧಕ್ಕೆ ನಿಲ್ಲಿಸುವ ನೋವೂ, ನಡೆದೇ ಮುಗಿಸಬಹುದಾದ ನೋವೂ ಮೊದಲ ದಿನ ಒಂದೇ ಥರ ಕಾಣುತ್ತವೆ. ಪ್ರತಿ ಸಂಜೆ ಬೂಟು ಕಳಚಿದ ಮೇಲೆ ಇಬ್ಬರೂ ಒಬ್ಬರ ಪಾದ ಇನ್ನೊಬ್ಬರು ನೋಡುತ್ತೇವೆ. ಮುಜುಗರ ಎಲ್ಲ ಮೊದಲ ವಾರಕ್ಕೇ ಮುಗಿದಿರುತ್ತದೆ. ತನ್ನ ಪಾದ ತಾನೇ ಒತ್ತಿಕೊಂಡರೆ ಎಲ್ಲರೂ ಮೆತ್ತಗೆ ಒತ್ತಿಕೊಳ್ಳುತ್ತಾರೆ, ಅದಕ್ಕೇ ಈ ಏರ್ಪಾಡು. ಪಾದದ ಮೇಲ್ಭಾಗದಲ್ಲಿ ಎರಡನೇ, ಮೂರನೇ ಬೆರಳಿನ ಹಿಂದಿನ ಉದ್ದ ಮೂಳೆಗಳ ಗುಂಟ ಹೆಬ್ಬೆರಳಿನ ತುದಿಯಿಂದ ಒತ್ತುತ್ತ ಬರಬೇಕು. ನಾಣ್ಯದಗಲದ ಒಂದೇ ಜಾಗದಲ್ಲಿ ಚುಚ್ಚಿದಂತೆ ನೋವಾಗಿ ಕಾಲು ಹಿಂದಕ್ಕೆಳೆದುಕೊಂಡರೆ, ಆ ಜಾಗದಲ್ಲಿ ತುಸು ಊತವೂ ಇದ್ದರೆ, ಮೂಳೆಯಲ್ಲಿ ಸೀಳು ಬಿಟ್ಟಿರುವ ಅನುಮಾನ ಇಟ್ಟುಕೊಳ್ಳಬೇಕು. ಅದು ನಡೆದಷ್ಟೂ ಹೆಚ್ಚುತ್ತದೆ, ಮುಂದೆ ರಾತ್ರಿಯೂ ಕಾಡುತ್ತದೆ. ಇದರ ಮೇಲೆ ನಡೆಯುವ ಮಾತಿಲ್ಲ. ಹತ್ತಿರದ ರಸ್ತೆ, ಎಕ್ಸ್‌ರೇ. ಮೊದಮೊದಲು ಎಕ್ಸ್‌ರೇಯಲ್ಲಿ ಸೀಳು ಕಾಣದೆಯೂ ಇರಬಹುದು, ಹಾಗಾಗಿ "ಏನೂ ಇಲ್ಲ" ಎಂದ ತಕ್ಷಣ ಮತ್ತೆ ಹಾದಿಗೆ ಇಳಿಯುವುದಲ್ಲ.

ಮೊಣಕಾಲ ಕೆಳಗಿನ ಮೂಳೆಯ ಒಳಅಂಚಿನಲ್ಲಿ ನಾಲ್ಕು ಬೆರಳಿಗಿಂತ ಹೆಚ್ಚು ಉದ್ದಕ್ಕೆ ಹರಡಿದ ನೋವು ಬೇರೆ ಜಾತಿ. ಹೆಜ್ಜೆ ಚಿಕ್ಕದು ಮಾಡಿ, ದೂರ ಕಡಿಮೆ ಮಾಡಿದರೆ ಅದನ್ನು ಸಂಭಾಳಿಸಬಹುದು. ಅಲ್ಲೂ ನೋವು ಒಂದು ಚುಕ್ಕೆಗೆ ಕೂಡಿಕೊಂಡರೆ ಮತ್ತೆ ಸೀಳಿನ ಅನುಮಾನವೇ. ಇನ್ನು ಕಣಕಾಲಿನ ಮುಂಭಾಗ ಊದಿ, ಪಾದ ಮೇಲೆ ಕೆಳಗೆ ಆಡಿಸಿದಾಗ ಬೆರಳಿಗೆ ಕಿರುಗುಟ್ಟಿದ ಹಾಗೆ ತಿಳಿದರೆ ಅದು ಸ್ನಾಯುರಜ್ಜಿನ ಉರಿಯೂತ. ಉದ್ದದ ಇಳಿಜಾರು, ಬಿಗಿಯಾದ ಲೇಸು ಎರಡೂ ಸೇರಿದರೆ ಬರುವಂಥದ್ದು. ಮೇಲಿನ ಒಂದು ಜೊತೆ ತೂತಿನಿಂದ ಲೇಸು ಬಿಡಿಸಿ, ತೊರೆಯ ತಣ್ಣೀರಲ್ಲಿ ಹತ್ತು ಹದಿನೈದು ನಿಮಿಷ ಕಾಲು ಇಳಿಬಿಟ್ಟು, ಎರಡು ದಿನ ಅರ್ಧ ದೂರ ನಡೆದರೆ ಸಾಮಾನ್ಯವಾಗಿ ಹಿಡಿತಕ್ಕೆ ಬರುತ್ತದೆ.

ಇಬುಪ್ರೊಫೆನ್ ಎಂಬ ನೋವಿನ ಮಾತ್ರೆ ನುಂಗಿ ಬೆಳಗಿನ ನಡಿಗೆ ಶುರುಮಾಡುವ ಚಟ ಚಾರಣಿಗರಲ್ಲಿ ಬಹಳ. ಕೊನೆಯ ವಾರದಲ್ಲಂತೂ ಅದನ್ನು ಡಬ್ಬಿಯಿಂದ ತಿಂಡಿ ತಿಂದ ಹಾಗೆ ತಿನ್ನುತ್ತಾರೆ. ನೀರು ಕಮ್ಮಿಯಾದ ಮೈಯಲ್ಲಿ ಅದು ಮೂತ್ರಪಿಂಡಕ್ಕೆ ಭಾರ, ಖಾಲಿ ಹೊಟ್ಟೆಗೆ ಉರಿ. ಅದಕ್ಕಿಂತ ದೊಡ್ಡದು, ಮೇಲೆ ಹೇಳಿದ ವ್ಯತ್ಯಾಸಗಳನ್ನೆಲ್ಲ ಅದು ಮುಚ್ಚಿಹಾಕುತ್ತದೆ. ನಮ್ಮ ಕಟ್ಟಳೆ: ಮಾತ್ರೆ ಬೇಕೆಂದರೆ ರಾತ್ರಿ ಊಟದ ನಂತರ, ನಡಿಗೆಗೆ ಮುಂಚೆ ಇಲ್ಲ. ತಗೊಂಡದ್ದನ್ನು ಜೊತೆಯವರಿಗೆ ಹೇಳಿಬಿಡಬೇಕು.

ಇಬ್ಬರ ನಡುವೆ

ಗುರಿ ಹತ್ತಿರವಾದಾಗ ಇಬ್ಬರೂ ಒಂದೇ ರೀತಿ ಬದಲಾಗುವುದಿಲ್ಲ. ಒಬ್ಬರು ಕೊಟ್ಟಿಗೆ ಕಂಡ ಎತ್ತಿನಂತೆ ದಾಪುಗಾಲು ಹಾಕುತ್ತಾರೆ, ಇನ್ನೊಬ್ಬರು ಪ್ರತಿ ತೊರೆಯ ಬಳಿಯೂ ಕೂರುತ್ತಾರೆ, ಮುಗಿಯಬಾರದು ಎಂಬಂತೆ. ಇದರಲ್ಲಿ ಯಾರದೂ ತಪ್ಪಿಲ್ಲ. ಆದರೆ ಇದನ್ನು ಬಾಯಿಬಿಟ್ಟು ಹೇಳದಿದ್ದರೆ ವೇಗದ ಜಗಳವಾಗಿ, ಅಡುಗೆಯ ಜಗಳವಾಗಿ, ಕೊನೆಗೆ ಅಲಾರಾಂ ಎಷ್ಟು ಗಂಟೆಗೆ ಎಂಬ ಜಗಳವಾಗಿ ಹೊರಬರುತ್ತದೆ. ಆ ಕೊನೆಯ ಊರಿನಲ್ಲೇ ಹೊಟ್ಟೆತುಂಬ ಉಂಡ ಮೇಲೆ (ಹಸಿದಾಗ ಈ ಮಾತು ಎತ್ತಲೇಬಾರದು) ನಾಲ್ಕು ವಿಷಯ ಮಾತಾಡಿ ಮುಗಿಸುತ್ತೇವೆ. ಗುರಿಯನ್ನು ಇಬ್ಬರೂ ಒಟ್ಟಿಗೇ ಮುಟ್ಟಬೇಕೇ, ಅಥವಾ ಒಬ್ಬರು ಮುಂದೆ ಹೋದರೆ ನಡೆಯುತ್ತದೆಯೇ? ಕೊನೆಯ ದಿನ ಬೇರೆ ಚಾರಣಿಗರ ಗುಂಪಿನೊಂದಿಗೋ, ನಾವಿಬ್ಬರೇ ಆಗಿಯೋ? ಒಬ್ಬರಿಗೆ ನಡೆಯಲಾಗದಿದ್ದರೆ ಇನ್ನೊಬ್ಬರು ಮುಗಿಸುವರೇ? ಮನೆಯವರು ಗುರಿಯ ಬಳಿ ಬರುವುದಾದರೆ ಯಾವ ದಿನ ಎಂದು ಹೇಳುವುದು? ಮೂರನೆಯದಕ್ಕೆ ಉತ್ತರವನ್ನು ಇಬ್ಬರ ಕಾಲೂ ಚೆನ್ನಾಗಿರುವಾಗಲೇ ಪಡೆದಿಟ್ಟುಕೊಳ್ಳಬೇಕು. ಕಾಲು ಮುರಿದವರಿಗೆ "ನೀನು ಹೋಗು" ಎನ್ನದೆ ಗತಿಯಿಲ್ಲ, ಕಾಲು ನೆಟ್ಟಗಿರುವವರಿಗೆ "ನಿನ್ನ ಜೊತೆ ಇರುತ್ತೇನೆ" ಎನ್ನದೆ ಗತಿಯಿಲ್ಲ. ಆಗ ಆಡುವ ಎರಡೂ ಮಾತು ನಿಜವಾಗಿರಬೇಕೆಂದಿಲ್ಲ.

ವೇಗದ ವ್ಯತ್ಯಾಸಕ್ಕೆ ಮದ್ದು ಹೊರೆ. ಬೇಗ ನಡೆಯುವವರು ಟೆಂಟು ಪೂರ್ತಿ, ನೀರಿನ ಹೆಚ್ಚುವರಿ, ಸಂಜೆಯ ಅಡುಗೆಯ ದಿನಸಿ ಹೊರಲಿ. ನಿಧಾನದವರ ಬೆನ್ನಿನಿಂದ ಒಂದೂವರೆ, ಎರಡು ಕಿಲೊ ಇಳಿದರೂ ಏರಿನಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಒಟ್ಟಿಗೆ ನಡೆಯುವಾಗ ಮುಂದೆ ನಡೆಯುವುದು ನಿಧಾನದವರು. ನನಗೆ ಸಹಿಸಲಾಗದ ಅಭ್ಯಾಸ ಒಂದಿದೆ: ಮುಂದೆ ಹೋದವರು ಕಾದು ಕೂತು, ಹಿಂದಿನವರು ಏದುಸಿರು ಬಿಡುತ್ತ ಬಂದ ಕ್ಷಣವೇ "ಹೊರಡೋಣವಾ" ಎಂದು ಎದ್ದು ನಿಲ್ಲುವುದು. ವಿಶ್ರಾಂತಿ ಯಾರಿಗೆ ಬೇಕೋ ಅವರಿಗೆ ಸಿಗಲಿಲ್ಲ, ಬೇಡದವರಿಗೆ ಇಪ್ಪತ್ತು ನಿಮಿಷ ಸಿಕ್ಕಿತು. ಹಿಂದಿನವರು ಬಂದು ಚೀಲ ಇಳಿಸಿದ ಮೇಲೆ ಹತ್ತು ನಿಮಿಷ ಎಣಿಸುವುದು, ಇದು ನಮ್ಮಲ್ಲಿ ಮಾತಿಲ್ಲದ ನಿಯಮ.

ಬೇರೆಬೇರೆಯಾಗಿ ನಡೆಯುವ ಗಂಟೆಗಳಿಗೂ ಒಂದು ವ್ಯವಸ್ಥೆ ಬೇಕು. ದಾರಿ ಕವಲೊಡೆಯುವ ಪ್ರತಿ ಕಡೆಯಲ್ಲೂ, ತೊರೆ ದಾಟುವ ಕಡೆಯಲ್ಲೂ ಮುಂದಿನವರು ನಿಲ್ಲಬೇಕು. ಟೆಂಟು ಒಬ್ಬರ ಬಳಿ, ಸ್ಟೋವ್ ಇನ್ನೊಬ್ಬರ ಬಳಿ ಇರುವುದರಿಂದ ಒಬ್ಬರು ದಾರಿ ತಪ್ಪಿದರೆ ಇಬ್ಬರೂ ಅರ್ಧ ಸಾಮಾನಿನವರೇ. ಹಾಗಾಗಿ ಇಬ್ಬರ ಚೀಲದಲ್ಲೂ ತಂತಮ್ಮ ಸ್ಲೀಪಿಂಗ್ ಬ್ಯಾಗು, ಮಳೆಯ ಜಾಕೆಟ್ಟು, ಹೆಡ್‌ಲ್ಯಾಂಪ್, ನಕ್ಷೆ, ಲೈಟರ್, ಒಂದು ದಿನದ ಒಣ ತಿಂಡಿ ಇರಲೇಬೇಕು. ಒಂದೇ ಉಪಗ್ರಹ ಸಂದೇಶ ಸಾಧನ ಇದ್ದರೆ ಅದು ಹಿಂದೆ ನಡೆಯುವವರ ಬಳಿ: ಹಿಂದಿನವರು ಬಿದ್ದರೆ ಮುಂದಿನವರಿಗೆ ಗೊತ್ತಾಗುವುದಿಲ್ಲ, ಮುಂದಿನವರು ಬಿದ್ದರೆ ಹಿಂದಿನವರು ಹೇಗೂ ಅವರನ್ನು ತಲುಪುತ್ತಾರೆ.

ಸಾಮಾನು

ಟ್ರೇಲ್ ಓಟದ ಬೂಟುಗಳು 500ರಿಂದ 800 ಕಿ.ಮೀ. ಬಾಳುತ್ತವೆ. ಅಡಿಯ ರಬ್ಬರು ಚೆನ್ನಾಗಿದೆ ಎಂದು ಮೋಸಹೋಗಬೇಡಿ, ಮೊದಲು ಸಾಯುವುದು ನಡುವಿನ ಮೆತ್ತೆ. ಬೂಟನ್ನು ಸಮತಟ್ಟಾದ ಬಂಡೆಯ ಮೇಲಿಟ್ಟು ಹಿಂದಿನಿಂದ ನೋಡಿ. ಹಿಮ್ಮಡಿ ಒಂದು ಪಕ್ಕಕ್ಕೆ ವಾಲಿದ್ದರೆ, ಮೆತ್ತೆಯ ಪಕ್ಕದಲ್ಲಿ ಅಡ್ಡಡ್ಡ ಸುಕ್ಕು ಕೂತು ಬೆರಳಿಂದ ಒತ್ತಿದರೆ ಚಿಮ್ಮದಿದ್ದರೆ, ಇನ್ನೂ 200 ಕಿ.ಮೀ. ಎಳೆಯುವ ಸಾಹಸ ಬೇಡ. "ಹೇಗೂ ಮುಗಿಯಿತಲ್ಲ, ಇದರಲ್ಲೇ ಮುಗಿಸೋಣ" ಎಂಬ ಉಳಿತಾಯ ಪಾದದ ಮೂಳೆಯ ಲೆಕ್ಕದಲ್ಲಿ ವಸೂಲಾಗುತ್ತದೆ. ಪಾದ ಅಷ್ಟು ಹೊತ್ತಿಗೆ ಅಗಲವಾಗಿ, ಉದ್ದವೂ ಆಗಿರುತ್ತದೆ. ಶುರುವಿನ ಅಳತೆಗಿಂತ ಅರ್ಧ ಅಥವಾ ಒಂದು ಸೈಜು ದೊಡ್ಡದನ್ನು, ಸಂಜೆ ಕಾಲು ಊದಿರುವಾಗ ಹಾಕಿ ನೋಡಿ ಕೊಳ್ಳುವುದು.

ಗ್ಯಾಸಿನ ಲೆಕ್ಕ ಇಬ್ಬರಿಗೆ ಹೀಗೆ. ಗಾಳಿಯ ಮರೆಯಲ್ಲಿ ಅರ್ಧ ಲೀಟರ್ ನೀರು ಕುದಿಯಲು 7ರಿಂದ 8 ಗ್ರಾಂ. ಸಂಜೆ ಒಂದು ಲೀಟರ್, ಬೆಳಗ್ಗೆ ಅರ್ಧ ಲೀಟರ್ ಎಂದರೆ ದಿನಕ್ಕೆ 21ರಿಂದ 24 ಗ್ರಾಂ. 100 ಗ್ರಾಂ ಡಬ್ಬಿ ನಾಲ್ಕು ದಿನ, 230 ಗ್ರಾಂನದು ಒಂಬತ್ತು ದಿನ. ಗಾಳಿಗೆ ಒಡ್ಡಿದರೆ ಖರ್ಚು ಸಲೀಸಾಗಿ ಇಮ್ಮಡಿಯಾಗುತ್ತದೆ. ಅರ್ಧ ಬಳಸಿದ ಡಬ್ಬಿಯಲ್ಲಿ ಎಷ್ಟಿದೆ ಎಂದು ಅಲುಗಾಡಿಸಿ ಊಹಿಸುವುದರಲ್ಲಿ ಅರ್ಥವಿಲ್ಲ. ಹೊಸದಿದ್ದಾಗ ಡಬ್ಬಿಯನ್ನು ಪಾತ್ರೆಯ ನೀರಲ್ಲಿ ತೇಲಿಸಿ ನೀರು ಮುಟ್ಟುವ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಖಾಲಿಯಾದದ್ದೊಂದನ್ನು ತೇಲಿಸಿ ಅದರ ಗೆರೆಯನ್ನೂ ಅದೇ ಡಬ್ಬಿಗೆ ಹಾಕಿ. ಆಮೇಲೆ ಯಾವ ತೊರೆಯಲ್ಲಾದರೂ ತೇಲಿಬಿಟ್ಟರೆ ಎರಡು ಗೆರೆಗಳ ನಡುವೆ ಎಲ್ಲಿದೆ ಎಂದು ಕಾಣುತ್ತದೆ. ಡಬ್ಬಿ ಓರೆಯಾಗಿ ತೇಲುತ್ತದೆ, ಅಡಿಯಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಬಗ್ಗಿಸಿ ಬಿಡಿಸಿ. ಶರತ್ಕಾಲದ ಚಳಿಗೆ ಇನ್ನೊಂದು ಸಂಗತಿ: ಬರೀ ಬ್ಯೂಟೇನ್ ಸೊನ್ನೆಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ, ಐಸೊಬ್ಯೂಟೇನ್ ಮೈನಸ್ 11ರ ಆಸುಪಾಸಿನವರೆಗೆ ತಡೆಯುತ್ತದೆ. ಮಿಶ್ರಣದ ಡಬ್ಬಿಯಲ್ಲಿ ಪ್ರೊಪೇನ್ ಮೊದಲು ಖರ್ಚಾಗುವುದರಿಂದ ಕೊನೆಗೆ ಉಳಿಯುವ ಅನಿಲ ಚಳಿಗೆ ಜಡ. ಬೆಳಗ್ಗೆ ಜಾಕೆಟ್ಟಿನೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡಿ ಹಚ್ಚುವುದು.

ನೀರಿನ ಫಿಲ್ಟರ್ ಟೊಳ್ಳು ನಾರಿನದಾದರೆ (ಕೊಳವೆಯಂಥ ಸಣ್ಣ ಎಳೆಗಳ ಮೂಲಕ ಸೋಸುವಂಥದ್ದು) ಒಂದೇ ಒಂದು ರಾತ್ರಿ ಹೆಪ್ಪುಗಟ್ಟಿದರೂ ಕೆಲಸ ಮುಗಿಯಿತು, ಹೊರಗಿನಿಂದ ಏನೂ ಕಾಣುವುದಿಲ್ಲ. ಅದರ ಜಾಗ ಸ್ಲೀಪಿಂಗ್ ಬ್ಯಾಗಿನ ಒಳಗೆ. ಅನುಮಾನ ಬಂದರೆ ಕುದಿಸಿ: ಬುಗ್ಗೆ ಬಂದ ಮೇಲೆ ಒಂದು ನಿಮಿಷ, 2,000 ಮೀಟರಿಗಿಂತ ಎತ್ತರದಲ್ಲಿ ಮೂರು. ಗ್ಯಾಸಿನ ಲೆಕ್ಕವನ್ನು ಬಿಗಿಯಾಗಿ ಇಡಬಾರದು ಎನ್ನುವುದು ಇದಕ್ಕೂ ಸೇರಿ. ಮಳೆಯ ಜಾಕೆಟ್ಟು, ಟೆಂಟಿನ ಜಿಪ್ಪು, ಕಂಬದ ಕೀಲುಗಳಲ್ಲಿ ಬಿರುಕು, ಇವನ್ನೂ ಆ ಊರಿನಲ್ಲೇ ನೋಡಿಬಿಡಿ, ಜಾಸ್ತಿ ಹೇಳುವುದಕ್ಕೇನಿಲ್ಲ.

ಆಹಾರ: ಬಿಡುವಿನ ಎರಡು ದಿನಕ್ಕೂ ಸೇರಿಸಿ, ಪ್ರತಿಯೊಬ್ಬರಿಗೆ ದಿನಕ್ಕೆ 800ರಿಂದ 900 ಗ್ರಾಂ ಒಣ ತೂಕ. ಒಣ ಧಾನ್ಯದ ಪದಾರ್ಥ ಗ್ರಾಂಗೆ ಮೂರೂವರೆ ಕಿಲೊಕ್ಯಾಲರಿ ಕೊಟ್ಟರೆ ಬೀಜಗಳು ಆರು, ಎಣ್ಣೆ ಒಂಬತ್ತು. ಸಂಜೆಯ ಪಾತ್ರೆಗೆ ಇಬ್ಬರ ಪಾಲಿನ ನಾಲ್ಕು ಚಮಚ ಎಣ್ಣೆ ಸುರಿದರೆ ಸುಮಾರು 450 ಹೆಚ್ಚಾಯಿತು, ತೂಕ ಏರಿದ್ದು 50 ಗ್ರಾಂ. ಕೊನೆಯ ಚೀಲವನ್ನು ಹಗುರ ಮಾಡುವ ಆಸೆಗೆ ಊಟ ಕಡಿಮೆ ಹೊರುವವರಿದ್ದಾರೆ. ಎರಡು ದಿನದ ಊಟ ಬಿಟ್ಟರೆ ಎರಡು ಕಿಲೊ ಕೂಡ ಉಳಿಯುವುದಿಲ್ಲ, ಮಳೆಗೆ ಒಂದು ದಿನ ಟೆಂಟಿನಲ್ಲಿ ಕೂರುವ ಸ್ವಾತಂತ್ರ್ಯ ಮಾತ್ರ ಹೋಗುತ್ತದೆ. ಅಮೆರಿಕದ ಅಪಲೇಚಿಯನ್ ಟ್ರೇಲ್‌ನ ಉತ್ತರ ತುದಿಯಲ್ಲಿ, ಮಾನ್ಸನ್ ಊರು ಬಿಟ್ಟ ಮೇಲೆ ಬರುವ ನೂರು ಮೈಲಿಯ ಕಾಡಿನ ಬಾಯಲ್ಲೇ ಫಲಕ ಹಾಕಿದ್ದಾರೆ: ಕನಿಷ್ಠ ಹತ್ತು ದಿನದ ಸಾಮಗ್ರಿ ಇಲ್ಲದೆ ಒಳಗೆ ಹೋಗಬೇಡಿ. ಪಳಗಿದವರು ಅದಕ್ಕಿಂತ ಬೇಗ ದಾಟುತ್ತಾರೆ ನಿಜ. ಫಲಕ ಬರೆದವರು ದಣಿದವರನ್ನು ಲೆಕ್ಕಕ್ಕೆ ಹಿಡಿದಿದ್ದಾರೆ, ನಾನೂ ಹಾಗೇ.

ಗುರಿ ಮುಟ್ಟಿದ ಮೇಲೂ ನಡಿಗೆ ಇದೆ

ನಕ್ಷೆಯಲ್ಲಿ ಗೆರೆ ಮುಗಿಯುವ ಜಾಗ ಮತ್ತು ಬಸ್ಸು ಸಿಗುವ ಜಾಗ ಒಂದೇ ಅಲ್ಲ. ಅಪಲೇಚಿಯನ್ ಹಾದಿ ಉತ್ತರದಲ್ಲಿ ಮುಗಿಯುವುದು ಕಟಾಡಿನ್ ಶಿಖರದ ಮೇಲೆ, 1,606 ಮೀಟರ್ ಎತ್ತರದಲ್ಲಿ. ಬುಡದ ಶಿಬಿರದಿಂದ ಎಂಟೂ ಚಿಲ್ಲರೆ ಕಿ.ಮೀ. ದೂರದಲ್ಲಿ 1,200 ಮೀಟರಿಗೂ ಹೆಚ್ಚು ಏರು, ನಡುವೆ ಕೈಯೂರಿ ಹತ್ತಬೇಕಾದ ಬಂಡೆಗಳು. ಫೋಟೊ ತೆಗೆದ ಮೇಲೆ ಅಷ್ಟನ್ನೂ ಇಳಿಯಬೇಕು. ಅದು ಬ್ಯಾಕ್ಸ್‌ಟರ್ ಉದ್ಯಾನದ ಒಳಗಿರುವುದರಿಂದ ದೂರದ ಚಾರಣಿಗರಿಗೂ ಅನುಮತಿ ಪತ್ರ ಬೇಕು, ನಾಯಿಗೆ ಪ್ರವೇಶವಿಲ್ಲ. ನಾಯಿಯನ್ನೂ ನಡೆಸಿಕೊಂಡು ಬಂದವರು ಅದನ್ನು ಹೊರಗೆ ಯಾರ ವಶಕ್ಕಾದರೂ ಒಪ್ಪಿಸಲೇಬೇಕು.

ಅಮೆರಿಕದ್ದೇ ಆದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನದು ಇನ್ನೊಂದು ಬಗೆ. ಸುಮಾರು 4,265 ಕಿ.ಮೀ. ನಡೆದು ಕೆನಡಾ ಗಡಿಯ 78ನೇ ಸ್ಮಾರಕಕ್ಕೆ ಬಂದರೆ ಅಲ್ಲಿ ರಸ್ತೆಯಿಲ್ಲ. ಮೊದಲು ಕೆನಡಾದ ವಿಶೇಷ ಅನುಮತಿ ಪಡೆದವರು ಇನ್ನು ಸುಮಾರು 13 ಕಿ.ಮೀ. ಮುಂದೆ ನಡೆದು ಮ್ಯಾನಿಂಗ್ ಪಾರ್ಕ್ ಸೇರಬಹುದಿತ್ತು. ಆ ಅನುಮತಿಯನ್ನು 2025ರ ಆರಂಭದಲ್ಲಿ ನಿಲ್ಲಿಸಿದ್ದಾರೆ. ಈಗ ಸ್ಮಾರಕ ಮುಟ್ಟಿ, ಬಂದ ದಾರಿಯಲ್ಲೇ, ರಸ್ತೆ ಸಿಗುವ ಹಾರ್ಟ್ಸ್ ಪಾಸ್‌ವರೆಗೆ ಸುಮಾರು 48 ಕಿ.ಮೀ. ವಾಪಸ್ಸು. ಅಂದರೆ ಎರಡು ದಿನದ ಊಟ, ಎರಡು ರಾತ್ರಿಯ ಗ್ಯಾಸು ಹೆಚ್ಚುವರಿ. ಕೆಲವು ಜೋಡಿಗಳು ಈ ತುಂಡಿನಲ್ಲಿ ಒಂದು ಉಪಾಯ ಮಾಡುತ್ತವೆ: ಆಹಾರದ ಒಂದು ಪಾಲನ್ನು ದಾರಿಯಲ್ಲಿ ಮರಕ್ಕೆ ಕಟ್ಟಿಟ್ಟು ಹಗುರವಾಗಿ ಹೋಗಿಬರುವುದು. ಕರಡಿ, ಅಳಿಲು, ಇಲಿಗಳ ನಾಡಿನಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಬಂದು ನೋಡಿದಾಗ ಚೀಲದಲ್ಲಿ ತೂತು ಇದ್ದರೆ ಉಳಿದ ದಾರಿಯೆಲ್ಲ ಖಾಲಿ ಹೊಟ್ಟೆ.

ಇಂಗ್ಲೆಂಡಿನ ಪೆನೈನ್ ವೇ ಚಿಕ್ಕದು, 431 ಕಿ.ಮೀ. ಆದರೂ ಬೈರ್ನೆಸ್‌ನಿಂದ ಕರ್ಕ್ ಯೆಥಮ್‌ಗೆ ಕೊನೆಯ ಹಂತ ಸುಮಾರು 40 ಕಿ.ಮೀ., ಚೆವಿಯಟ್ ಬೆಟ್ಟಗಳ ಬೋಳು ನೆತ್ತಿಯ ಮೇಲೆ. ನಡುವೆ ಊರಿಲ್ಲ, ಎರಡು ಸಣ್ಣ ಆಶ್ರಯ ಗುಡಿಸಲುಗಳಿವೆ. ನನ್ನ ಗುಣಕ ಹಾಕಿ ನೋಡಿದರೆ ಇದು ಒಂದು ದಿನದ ಹಾದಿಯಲ್ಲವೇ ಅಲ್ಲ. ಎರಡು ದಿನ ಮಾಡಿಕೊಂಡವರು ನಗುತ್ತ ಇಳಿಯುತ್ತಾರೆ. ಇನ್ನು ಸ್ಪೇನಿನ ಸ್ಯಾಂಟಿಯಾಗೊ ಯಾತ್ರೆಯ ಪ್ರಮಾಣಪತ್ರ ಬೇಕಾದರೆ ಪಾದಚಾರಿಗಳು ಕನಿಷ್ಠ 100 ಕಿ.ಮೀ. ನಡೆದಿರಬೇಕು, ಯಾತ್ರೆಯ ಪುಸ್ತಕದಲ್ಲಿ ದಿನಕ್ಕೆ ಎರಡು ಮುದ್ರೆ ಇರಬೇಕು. ಇಬ್ಬರ ಪುಸ್ತಕವೂ ಒಬ್ಬರ ಕೈಯಲ್ಲೇ ಇದ್ದು, ಇನ್ನೊಬ್ಬರು ಹಿಂದುಳಿದ ದಿನಗಳಲ್ಲಿ ಗೊಂದಲವಾಗುತ್ತದೆ. ಅವರವರ ಪುಸ್ತಕ ಅವರವರ ಜೇಬಿನಲ್ಲಿ.

ಶಿಖರದ ದಿನ

ಕೊನೆಯ ದಿನ ಏರಿನದಾದರೆ ಹಿಂತಿರುಗುವ ಹೊತ್ತನ್ನು ಹಿಂದಿನ ರಾತ್ರಿ ಬರೆದಿಟ್ಟುಕೊಳ್ಳುತ್ತೇವೆ. ಸೂರ್ಯಾಸ್ತದಿಂದ ಎಣಿಸುತ್ತ ಹಿಂದಕ್ಕೆ ಬರುವುದು: ಸೂರ್ಯಾಸ್ತ ಸಂಜೆ 6 ಎನ್ನಿ, ಇಳಿಯಲು 5 ಗಂಟೆ, ಕೈಯಲ್ಲಿ ಒಂದು ಗಂಟೆ ಉಳಿಕೆ. ಮಧ್ಯಾಹ್ನ 12ಕ್ಕೆ ಎಲ್ಲಿದ್ದರೂ ತಿರುಗಬೇಕು. ಏರಲು ಐದೂವರೆ ಗಂಟೆ ಬೇಕೆಂದರೆ ಬೆಳಗ್ಗೆ ಆರೂವರೆಗೆ ಹೊರಟಿರಬೇಕು. ಇಳಿಯಲು ಏರಿದಷ್ಟೇ ಹೊತ್ತು ಇಟ್ಟುಕೊಳ್ಳುವುದು ಕಡಿದಾದ ಬಂಡೆಯ ಹಾದಿಗಳಲ್ಲಿ ಅತಿಯಲ್ಲ. ತಿರುಗುವ ನಿರ್ಧಾರಕ್ಕೆ ಇಬ್ಬರ ಒಪ್ಪಿಗೆ ಬೇಕಿಲ್ಲ, ಒಬ್ಬರು ಹೇಳಿದರೆ ಮುಗಿಯಿತು, ಕಾರಣ ಕೇಳುವುದು ಕೆಳಗೆ ಬಂದ ಮೇಲೆ. ತಿಂಗಳುಗಟ್ಟಲೆ ನಡೆದು ಶಿಖರಕ್ಕೆ ಮುನ್ನೂರು ಮೀಟರ್ ಕೆಳಗೆ ತಿರುಗುವುದು ಕಹಿ. ಅದಕ್ಕೇ ಬಿಡುವಿನ ದಿನ ಇಟ್ಟಿರುವುದು, ನಾಳೆ ಮತ್ತೆ ಹತ್ತಬಹುದು. ಗುಡುಗು ಕೇಳಿಸಿದರೆ, ಬಂಡೆಗೆ ತೆಳುವಾದ ಮಂಜುಗಡ್ಡೆ ಹಿಡಿದಿದ್ದರೆ ಗಡಿಯಾರ ನೋಡುವ ಅಗತ್ಯವೂ ಇಲ್ಲ.

ಬೀಳುವುದು ಹೆಚ್ಚಾಗಿ ಇಳಿಯುವಾಗ. ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗುವುದರಿಂದ ಬೇಗ ಸೋಲುತ್ತದೆ, ಮನಸ್ಸು ಆಗಲೇ ಊರು ಸೇರಿರುತ್ತದೆ. ಶಿಖರದಲ್ಲಿ ಕೂತು ಏನಾದರೂ ತಿಂದು, ಒಣ ಬಟ್ಟೆ ಹಾಕಿ, ಲೇಸಿನ ಮುಂಭಾಗ ಬಿಗಿದು, ಟ್ರೆಕ್ಕಿಂಗ್ ಪೋಲ್‌ಗಳನ್ನು 5ರಿಂದ 10 ಸೆಂ.ಮೀ. ಉದ್ದ ಮಾಡಿಕೊಂಡು ಇಳಿಯುತ್ತೇವೆ. ಕೈಯೂರುವ ಬಂಡೆಗಳು ಬಂದ ಕಡೆ ಪೋಲ್ ಮಡಚಿ ಚೀಲಕ್ಕೆ. ಒಬ್ಬರು ಕೆಳಗಿಳಿದು ಪಕ್ಕಕ್ಕೆ ಸರಿದ ಮೇಲೆ ಇನ್ನೊಬ್ಬರು, ನೇರ ಮೇಲೆ ಕೆಳಗೆ ಇರಬಾರದು, ಕಲ್ಲು ಉರುಳುತ್ತದೆ.

ಮುಗಿದ ನಂತರ

ನಡಿಗೆ ನಿಂತ ಮರುದಿನ ಪಾದ ಊದುತ್ತದೆ, ಬೆಳಗ್ಗೆ ಎದ್ದ ಕೂಡಲೇ ಹಿಮ್ಮಡಿ ನೆಲಕ್ಕೆ ಊರಲು ಬರುವುದಿಲ್ಲ. ಒಮ್ಮೆಗೇ ಹಾಸಿಗೆ ಹಿಡಿಯುವುದಕ್ಕಿಂತ ದಿನಕ್ಕೆ ಏಳೆಂಟು ಕಿ.ಮೀ. ಸಮತಟ್ಟಾದ ಕಡೆ ನಡೆದು, ಎರಡು ಮೂರು ವಾರದಲ್ಲಿ ಇಳಿಸುತ್ತ ಬರುವುದು ಕೀಲುಗಳಿಗೆ ಹಿತ. ಹಸಿವು ಮಾತ್ರ ಹಳೆಯ ಅಳತೆಯಲ್ಲೇ ಇನ್ನೂ ಕೆಲವು ವಾರ ಕೂಗುತ್ತದೆ. ಪ್ರೋಟೀನು, ತರಕಾರಿ ಹೆಚ್ಚಿಸಿ, ಹಾದಿಯಲ್ಲಿ ತಿನ್ನುತ್ತಿದ್ದ ಸಕ್ಕರೆ ಎಣ್ಣೆಗಳನ್ನು ಮೊದಲು ಬಿಡಿ. ಕಾಲ್ಬೆರಳ ತುದಿಯ ಜೋಮು ಹೋಗಲು ತಿಂಗಳುಗಳೇ ಹಿಡಿಯಬಹುದು. ಮನಸ್ಸು ಮಂಕಾಗುವುದು ಬಹಳ ಜನರಿಗೆ ಆಗುವಂಥದ್ದು, ಮತ್ತು ಇಬ್ಬರಿಗೂ ಒಂದೇ ವಾರದಲ್ಲಿ ಆಗುವುದಿಲ್ಲ. ಹಾಗಾಗಿ ಎರಡನೇ ವಾರ, ಆರನೇ ವಾರ ಮಾತಾಡುವ ದಿನ ಮೊದಲೇ ಗೊತ್ತುಮಾಡಿಕೊಳ್ಳುತ್ತೇವೆ. ಯಾರು ಯಾರಿಗೆ ಫೋನ್ ಮಾಡಬೇಕು ಎನ್ನುವುದೂ ಸೇರಿ.

ವಿಮಾನದಲ್ಲಿ ವಾಪಸ್ಸಾಗುವುದಾದರೆ ಗ್ಯಾಸ್ ಡಬ್ಬಿ ಎಷ್ಟೇ ಖಾಲಿಯಿದ್ದರೂ ಚೀಲಕ್ಕೆ ಹಾಕುವಂತಿಲ್ಲ, ಕರಡಿ ಓಡಿಸುವ ಸ್ಪ್ರೇ ಕೂಡ. ಸ್ಟೋವ್ ತೊಳೆದು ವಾಸನೆ ಹೋಗುವಂತೆ ಆರಿಸಿರಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಪೋಲ್‌ಗಳನ್ನು ಬಹುತೇಕ ಕಡೆ ಕೈಚೀಲದಲ್ಲಿ ಬಿಡುವುದಿಲ್ಲ. ನ್ಯೂಜಿಲೆಂಡ್, ಆಸ್ಟ್ರೇಲಿಯಾದಂಥ ದೇಶಗಳ ಒಳಗೆ ಹೋಗುವುದಾದರೆ ಬೂಟಿನ ಅಡಿ, ಟೆಂಟಿನ ಗೂಟಗಳ ಮಣ್ಣು ಪೂರ್ತಿ ಉಜ್ಜಿ ತೊಳೆದು, ಬಳಸಿದ ಚಾರಣದ ಸಾಮಾನಿದೆ ಎಂದು ಬರೆದುಕೊಡಬೇಕು.

ಟೆಂಟನ್ನು ಒದ್ದೆಯಲ್ಲೇ ಮಡಚಿ ಪ್ರಯಾಣ ಮಾಡಿದ್ದರೆ ಮನೆ ತಲುಪಿದ ದಿನವೇ ಬಿಡಿಸಿ ನೆರಳಲ್ಲಿ ಆರಿಸಿ, ಬೂಷ್ಟು ಹಿಡಿದರೆ ಒಳಪದರ ಸಿಪ್ಪೆ ಏಳುತ್ತದೆ. ಸ್ಲೀಪಿಂಗ್ ಬ್ಯಾಗನ್ನು ಗರಿಗೆಂದೇ ಇರುವ ಸೋಪಿನಲ್ಲಿ ತೊಳೆದು, ಸಡಿಲ ಚೀಲದಲ್ಲಿ ತೂಗುಹಾಕಿ. ಹಂಚಿಕೊಂಡು ಕೊಂಡ ಸಾಮಾನು ಯಾರ ಮನೆಗೆ, ಖರ್ಚಿನ ಬಾಕಿ ಯಾರದು ಎಂಬುದನ್ನು ಕೊನೆಯ ಊರಿನ ಬಸ್ ನಿಲ್ದಾಣದಲ್ಲೇ ಲೆಕ್ಕದ ಚೀಟಿ ತೆಗೆದು ಇತ್ಯರ್ಥ ಮಾಡಿ, ಫೋಟೊಗಳನ್ನು ಒಬ್ಬರ ಫೋನಿನಿಂದ ಇನ್ನೊಬ್ಬರದಕ್ಕೆ ಹಾಕಿಕೊಂಡು ಬಸ್ಸು ಹತ್ತಿ. ಊರಿಗೆ ಹೋದ ಮೇಲೆ ಮಾಡೋಣ ಎಂದದ್ದು ಮುಂದಿನ ಚಾರಣದ ಹೊತ್ತಿಗೂ ಆಗಿರುವುದಿಲ್ಲ.